ಬಾಗಿದ ಹಾದಿಯಲ್ಲಿ ಬೆಳಕು: ಜಲಧಾರೆಯಿಂದ ಗಾಜಿನೆಳೆಗೆ

ಬೆಳಕನ್ನು ಬಾಗಿದ ಹಾದಿಯಲ್ಲಿ ಮೊತ್ತಮೊದಲು ನಡೆಸಿ ತೋರಿಸಿದವರು ಯಾರು? ಈ ಪ್ರಶ್ನೆಗೆ ಅನೇಕ ಗ್ರಂಥಗಳು ಕೊಡುತ್ತ ಬಂದಿರುವ ಉತ್ತರ ಜಾನ್ ಟಿಂಡಲ್ ಎಂಬ ಒಂದೇ ಹೆಸರು. ೧೮೫೪ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆತನು, ಪಾತ್ರೆಯ ರಂಧ್ರದಿಂದ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಸಾಗುವುದನ್ನು ಸಭಿಕರಿಗೆ ತೋರಿಸಿದನೆಂಬುದು ನಿಜ. ಆದರೆ ಅವನೇ ಮೊದಲಿಗನೆಂಬ ಮಾತನ್ನು ಕಾಲಾನುಕ್ರಮವು ಸಮರ್ಥಿಸುವುದಿಲ್ಲ.

ಜಿನೀವಾದ ಡೇನಿಯಲ್ ಕೊಲಾಡನ್ ೧೮೪೧ರಲ್ಲಿಯೇ ಈ ಪ್ರಯೋಗವನ್ನು ಮಾಡಿದ್ದನು. ದ್ರವಗಳ ಹರಿವನ್ನು ಕುರಿತ ಉಪನ್ಯಾಸದಲ್ಲಿ ನೀರಿನ ಧಾರೆಯು ಎಲ್ಲರಿಗೂ ಕಾಣಿಸಲೆಂದು ಅವನು ಅದರೊಳಗೆ ಬೆಳಕನ್ನು ಹಾಯಿಸಿದನು. ಬೆಳಕು ಧಾರೆಯಲ್ಲಿಯೇ ಸೆರೆಯಾಯಿತು. ಇದರ ವಿವರಣೆಯು ೧೮೪೨ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೂ ಉಪನ್ಯಾಸಗಳಿಂದಲೂ ಗ್ರಂಥಗಳಿಂದಲೂ ಪ್ರಸಿದ್ಧನಾಗಿದ್ದ ಟಿಂಡಲ್ಲನ ಹೆಸರೇ ಮುಂದೆ ನಿಂತಿತು.

ಇಲ್ಲಿ ಬೆಳಕು ತಾನಾಗಿ ಬಾಗುವುದಲ್ಲ. ನೀರಿನಿಂದ ಗಾಳಿಯತ್ತ ಹೊರಟ ಕಿರಣವು ಲಂಬದಿಂದ ಸುಮಾರು ೪೯ ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮೇಲ್ಮೈಯನ್ನು ತಾಕಿದರೆ, ಹೊರಬೀಳದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಹೀಗೆ ಮತ್ತೆ ಮತ್ತೆ ಪ್ರತಿಫಲಿಸುತ್ತ ಅದು ಧಾರೆಯ ಬಾಗನ್ನು ಅನುಸರಿಸುತ್ತದೆ.

ಗಾಜಿನ ಎಳೆಯಲ್ಲಿಯೂ ನಡೆಯುವುದು ಇದೇ. ಆದರೆ ಬರಿಯ ಎಳೆಗೆ ಇನ್ನೊಂದು ಎಳೆ ತಗುಲಿದೆಡೆಯಲ್ಲಿ ಬೆಳಕು ಸೋರಿಹೋಗುವುದು. ವಕ್ರೀಭವನಾಂಕ ಕಡಿಮೆಯಿರುವ ಹೊದಿಕೆಯನ್ನು ಎಳೆಗೆ ತೊಡಿಸಬೇಕೆಂಬ ಸಲಹೆ ಅಮೆರಿಕದ ಬ್ರಯನ್ ಓಬ್ರಯನ್ನರದು. ಅದನ್ನು ೧೯೫೪ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದವರು ಹಾಲೆಂಡಿನ ವಾನ್ ಹೀಲ್. ಅದೇ ಸಂಚಿಕೆಯಲ್ಲಿ ಲಂಡನ್ನಿನ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿ ಇವರು ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಿದ ವರದಿಯೂ ಇತ್ತು.

ಆಗಲೂ ಗಾಜು ಬೆಳಕನ್ನು ನುಂಗುತ್ತಿತ್ತು. ೧೯೬೬ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸಮಾಡುತ್ತಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಇವರು, ಈ ನಷ್ಟಕ್ಕೆ ಮುಖ್ಯ ಕಾರಣ ಗಾಜಿನಲ್ಲಿ ಬೆರೆತ ಕಲ್ಮಷಗಳೆಂದು ವಾದಿಸಿದರು. ಕಿಲೋಮೀಟರಿಗೆ ೨೦ ಡೆಸಿಬೆಲ್ ನಷ್ಟ, ಎಂದರೆ ನೂರರಲ್ಲಿ ಒಂದು ಪಾಲು ಬೆಳಕು ಉಳಿಯುವಷ್ಟು ಶುದ್ಧಿ ಸಾಧಿಸಿದರೆ ದೂರಸಂಪರ್ಕಕ್ಕೆ ಸಾಕೆಂಬುದು ಅವರ ಲೆಕ್ಕ. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಮೌರರ್, ಕೆಕ್ ಮತ್ತು ಶುಲ್ಟ್ಸ್ ಅದನ್ನು ಸಾಧಿಸಿದರು. ೨೦೦೯ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕದ ಅರ್ಧಭಾಗ ಕಾವ್ ಅವರಿಗೆ ಸಂದಿತು, ಕಪಾನಿಯವರಿಗೆ ಸಲ್ಲಲಿಲ್ಲ.

ಕೊಲಾಡನ್ನನ ಜಲಧಾರೆಗೂ ಕಾರ್ನಿಂಗಿನ ಎಳೆಗೂ ನಡುವೆ ಸುಮಾರು ೧೩೦ ವರ್ಷಗಳ ಅಂತರವಿದೆ. ತತ್ತ್ವವನ್ನು ಕಂಡವರು ಒಬ್ಬರು, ಎಳೆಗೆ ಹೊದಿಕೆ ತೊಡಿಸಿದವರು ಇನ್ನೊಬ್ಬರು, ಗಾಜನ್ನು ಶುದ್ಧಗೊಳಿಸಿದವರು ಮತ್ತೊಬ್ಬರು. ಇವರಲ್ಲಿ ಒಬ್ಬರಿಗೆ ಮಾತ್ರ ‘ಜನಕ’ನೆಂಬ ಬಿರುದನ್ನು ಕಟ್ಟಿದರೆ ಉಳಿದವರಿಗೆ ಅನ್ಯಾಯವಾಗುವುದಲ್ಲದೆ, ಅವರು ಬಿಡಿಸಿದ ತೊಡಕುಗಳೇ ವಿದ್ಯಾರ್ಥಿಯ ಕಣ್ಣಿಗೆ ಮರೆಯಾಗುತ್ತವೆ. ಆದುದರಿಂದ ತರಗತಿಯಲ್ಲಿ ಹೆಸರನ್ನು ಹೇಳುವ ಮೊದಲು, ಯಾವ ವರ್ಷದಲ್ಲಿ ಯಾವ ತೊಡಕು ಬಿಡಿಸಲ್ಪಟ್ಟಿತೆಂಬುದನ್ನು ಹೇಳುವುದು ಉಚಿತ.