ತಂಬೂರಿಯಿಂದ ಕೀಬೋರ್ಡಿಗೆ: 11 ಮಿಲಿವೋಲ್ಟಿನ ಇತಿಹಾಸ

1/5
ಕಂಪ್ಯೂಟರ್ ಕೀಬೋರ್ಡ್ ಒತ್ತಿ ನುಡಿಸೋ ಸಿಂಥಸೈಜರ್ ಮಾಡ್ಯೂಲನ್ನ ಮನ್ಯಾಗ ಕಟ್ಟಬೇಕು ಅನ್ನೋರಿಗೆ ಈ ಸರಣಿ. ಇದು ಫಾರಿನ್ ಹುಚ್ಚು ಅಂತ ಅನ್ನಬ್ಯಾಡ್ರಿ. ಒಂದು ಸ್ವರವನ್ನು ಅಲುಗದಂತೆ ಹಿಡಿಯೋದು ಆ ಯಂತ್ರದ ಮೊದಲ ಕೆಲಸ. ದೇವದುರ್ಗದ ಕಡಿ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಇದ್ದ 18ನೇ ಶತಮಾನದ ದಾಸ ಪರಂಪರೆಯಲ್ಲಿ ಆ ಕೆಲಸ ತಂಬೂರಿದು.

2/5
ಆಮೇಲೆ ಯುರೋಪಿನಿಂದ ಹಾರ್ಮೋನಿಯಂ ಬಂತು. ಭಜನಿಗೆ, ನಾಟಕಕ್ಕ ಭಾಳ ಹೊಂದಿಕೊಂತು. ಆದ್ರ 1940ರಲ್ಲಿ ರೇಡಿಯೋದವರು ಅದನ್ನ ನಿಷೇಧಿಸಿದ್ರು! 1971ರವರೆಗೂ ಆ ನಿಷೇಧ ನಡೀತು. ಟೀಕಾಕಾರರ ದೂರು ಎರಡು: ಕೀ ಒತ್ತಿದರೆ ಸ್ವರ ಜಾರೋದಿಲ್ಲ, ಗಮಕ ಬರೋದಿಲ್ಲ. ಮತ್ತೆ ಅದರ ಸ್ವರಗಳು ತಂಬೂರಿಗೆ ಸರಿಯಾಗಿ ಕೂಡೋದಿಲ್ಲ.

3/5
1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಮಾಡ್ಯುಲರ್ ಸಿಂಥಸೈಜರ್ ಕಟ್ಟಿದ. 1969ರಲ್ಲಿ ಅವನ ಯಂತ್ರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂತು. 1979ರಲ್ಲಿ ನಮ್ಮ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರು ಇಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಇವತ್ತು ಕಛೇರಿಯೊಳಗ ಕಾಣೋ ‘ರಾಡೆಲ್’ ಪೆಟ್ಟಿಗೆ ಅವರ ಕಂಪನಿದೇ. ತಂತಿ ಹೋಗಿ ಸರ್ಕ್ಯೂಟ್ ಬಂತು, ಶ್ರುತಿ ಉಳೀತು.

4/5
ಈಗ ನಿಮ್ಮ ಮಾಡ್ಯೂಲ್. ಮೂಗ್ ಪದ್ಧತಿಯೊಳಗ 1 ವೋಲ್ಟ್ ಏರಿದ್ರ ಸ್ವರ ಒಂದು ಸ್ಥಾಯಿ ಏರ್ತದ. ಅದನ್ನ 12 ಸಮಪಾಲು ಮಾಡಿದ್ರ ಒಂದೊಂದು ಮೆಟ್ಟಿಲು ಸುಮಾರು 83 ಮಿಲಿವೋಲ್ಟ್. ಹಳೇ ಪಿಎಸ್/2 ಕೀಬೋರ್ಡ್ ಸಿಕ್ಕರೆ ಸಾಕು. ಪ್ರತಿ ಕೀ ಒತ್ತಿದಾಗ ಅದು ಒಂದು ಸಂಕೇತ ಕಳಿಸ್ತದ, ಬಿಟ್ಟಾಗ ಇನ್ನೊಂದು. ಆರ್ಡುಯಿನೋ ಅದನ್ನ ಓದಿ 12 ಬಿಟ್ ಡಿಎಸಿ ಚಿಪ್ಪಿಗೆ ಹೇಳ್ತದ, ಆ ಚಿಪ್ ವೋಲ್ಟೇಜ್ ಕೊಡ್ತದ. 12 ಬಿಟ್ ಅಂದ್ರ 4,096 ಹಂತ. 4.096 ವೋಲ್ಟ್ ವ್ಯಾಪ್ತಿ ಇಟ್ಟುಕೊಂಡ್ರ ಒಂದು ಹಂತಕ್ಕ 1 ಮಿಲಿವೋಲ್ಟ್.

5/5
ಇಲ್ಲೇ ಹಳೇ ಜಗಳ ಮತ್ತ ಬರೋದು. ಸಮಪಾಲಿನ ಲೆಕ್ಕದಾಗ ‘ಸ’ದಿಂದ ಅಂತರ ಗಾಂಧಾರಕ್ಕ 333 ಮಿಲಿವೋಲ್ಟ್. ಆದ್ರ ತಂಬೂರಿ ತಂತಿಯೊಳಗ ತಾನಾಗೇ ಕೇಳಿಸೋ ಗಾಂಧಾರ 5:4 ಅನುಪಾತದ್ದು, ಅದಕ್ಕ ಬೇಕಾದ್ದು 322. ವ್ಯತ್ಯಾಸ 11 ಮಿಲಿವೋಲ್ಟ್. ‘ಸ’ ಹಿಡಿದಿಟ್ಟು ಎರಡನ್ನೂ ಒಂದಾದ ಮೇಲೊಂದು ನುಡಿಸಿ ನೋಡ್ರಿ, ನಿಮ್ಮ ಕಿವಿಗೇ ಗೊತ್ತಾಗ್ತದ.

ಹಾರ್ಮೋನಿಯಂ ಪೀಪಿ ಒಂದೇ ಸ್ವರಕ್ಕ ಕಟ್ಟುಬಿದ್ದಿತ್ತು. ನಿಮ್ಮ ಕೀ ಯಾವುದಕ್ಕೂ ಕಟ್ಟುಬಿದ್ದಿಲ್ಲ. ಯಾವ ಕೀಗೆ ಎಷ್ಟು ವೋಲ್ಟ್ ಅನ್ನೋ ಪಟ್ಟಿ ಬರೆಯೋರು ನೀವು. ಸ್ವರ ಜಾರಬೇಕಾ? ದಾರಿಯಲ್ಲಿ 100 ಕಿಲೋಓಮ್ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕ್ರಿ. ಆದ್ರ ಬೇರೆಯವರ ಕೋಡ್ ಹಂಗೇ ಕಾಪಿ ಹೊಡೆದ್ರ, 1940ರಲ್ಲಿ ಬೈಸಿಕೊಂಡ ಅದೇ ಸ್ವರಗಳು ನಿಮ್ಮ ಪೆಟ್ಟಿಗೆಯೊಳಗೂ ಬಂದು ಕೂಡ್ತಾವ. ಪಟ್ಟಿಯೊಳಗ 333 ಕಂಡ್ರ ಒಮ್ಮೆ 322 ಹಾಕಿ ಕೇಳ್ರಿ. ಯಾವುದು ಇಟ್ಕೊಂಡ್ರಿ ಅಂತ ಕಾಮೆಂಟ್‌ನ್ಯಾಗ ಹೇಳ್ರಿ.

#ರಾಯಚೂರು #ಮಾನ್ವಿ #ದೇವದುರ್ಗ #ತಂಬೂರಿ #ಸಿಂಥ್