ಟ್ರಂಕ್ ಲೈನಿನ ಸಂಜ್ಞೆ: ಕಿತ್ತೂರಿನ ಎಕ್ಸ್‌ಚೇಂಜಿನಿಂದ ಆಫೀಸಿನ ಮೇಜಿನವರೆಗೆ



ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಸಾಲ, ಠೇವಣಿ, ಗೊಬ್ಬರದ ಲೆಕ್ಕ ಬರುವುದು ವಾಡಿಕೆ. ನಾನು ಬರೆಯುತ್ತಿರುವುದು ಫೋನಿನ ತಂತಿಯ ಇತಿಹಾಸ. ಪೇಟೆಯ ಧಾರಣೆ ತಿಳಿಯದೆ ಮಾಲು ಮಾರಿ ಬಂದವರಿಗೆ ಆ ತಂತಿಯ ಬೆಲೆ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಅಥಣಿ ತಾಲೂಕಿನ ನಮ್ಮ ಐಗಳಿ ಭಾಗದವರಿಗೆ ಬೆಲ್ಲಕ್ಕೂ ಒಣದ್ರಾಕ್ಷಿಗೂ ಸಾಂಗಲಿ ಪೇಟೆ ಹತ್ತಿರ. ಆದ್ರೆ ಫೋನಿನ ಲೆಕ್ಕದಾಗ ಹತ್ತಿರದ ಊರೂ ಪರಊರೇ, ಅಂದ್ರೆ ಟ್ರಂಕ್ ಕಾಲು.

ಟ್ರಂಕ್ ಎಂದರೆ ಒಂದು ಎಕ್ಸ್‌ಚೇಂಜಿನಿಂದ ಇನ್ನೊಂದಕ್ಕೆ ಹೋಗುವ ಹೆದ್ದಾರಿ ಲೈನು. ಹಿಂದೆ ಅದನ್ನು ಆಪರೇಟರರು ಕೈಯಿಂದ ಜೋಡಿಸುತ್ತಿದ್ದರು. ಕಾಲ್ ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳಿದ್ದವು. ಅರ್ಜೆಂಟಿಗೆ ದುಪ್ಪಟ್ಟು ದರ. ಸಿಕ್ಕ ಮೂರು ನಿಮಿಷದಲ್ಲಿ ಅರ್ಧ ‘ಹಲೋ, ಕೇಳಸ್ತೈತೇನ್ರೀ?’ ಅನ್ನುವುದರಲ್ಲೇ ಮುಗಿಯುತ್ತಿತ್ತು. ಆದರೂ ಒಂದು ಅನುಕೂಲವಿತ್ತು: ಆ ಕಡೆಯವರು ಎತ್ತಿದರೋ ಇಲ್ಲವೋ, ಮಾತು ಮುಗಿಯಿತೋ ಇಲ್ಲವೋ ಎಂಬುದನ್ನು ಒಬ್ಬ ಮನುಷ್ಯ ಗಮನಿಸುತ್ತಿದ್ದ.

ಆ ಮನುಷ್ಯನನ್ನು ತೆಗೆದರೆ ಅವನ ಕೆಲಸವನ್ನು ತಂತಿಯೇ ಮಾಡಬೇಕು. ಇದಕ್ಕೇ ಸಂಜ್ಞೆ, ಅಂದರೆ ಸಿಗ್ನಲಿಂಗ್ ಎನ್ನುವುದು. ರಿಸೀವರ್ ಎತ್ತಿದರೆ ಎರಡು ತಂತಿಗಳ ನಡುವೆ ಕರೆಂಟು ಹರಿಯುತ್ತದೆ. ಎಕ್ಸ್‌ಚೇಂಜಿಗೆ ಅದೇ ಕರೆ. ಡಯಲ್ ತಿರುಗಿಸಿದರೆ ಆ ಕರೆಂಟು ತುಂಡುತುಂಡಾಗುತ್ತದೆ: ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಈ ತುಂಡುಗಳನ್ನು ಎಣಿಸಿ ತಾನೇ ಲೈನು ಜೋಡಿಸುವ ಯಂತ್ರಕ್ಕೆ 1891ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಅಲ್ಮನ್ ಸ್ಟ್ರೋಜರ್. ಅವರದು ಶವಸಂಸ್ಕಾರದ ವ್ಯವಹಾರ. ಆಪರೇಟರ್ ತನ್ನ ಗಿರಾಕಿಗಳನ್ನು ಬೇರೆಯವರಿಗೆ ತಿರುಗಿಸುತ್ತಾಳೆಂಬ ಸಂಶಯದಿಂದ ಈ ಯಂತ್ರ ಮಾಡಿದರಂತೆ! ನಮ್ಮ ದೇಶದಲ್ಲಿ ಆಪರೇಟರ್ ಇಲ್ಲದ ಎಸ್.ಟಿ.ಡಿ. 1960ರಲ್ಲಿ ಲಖನೌ ಮತ್ತು ಕಾನಪುರ ನಡುವೆ ಶುರುವಾಯಿತು. ಹಳ್ಳಿಗೆ ಬರಲು ಇನ್ನೂ ಬಹಳ ಕಾಲ ಬೇಕಾಯಿತು.

ಬಂದದ್ದು ನಮ್ಮ ಜಿಲ್ಲೆಯ ಮೂಲಕವೇ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಪ್ರಯತ್ನದಿಂದ ಸಿ-ಡಾಟ್ ಸಂಸ್ಥೆ ಸ್ಥಾಪನೆಯಾಯಿತು. 36 ತಿಂಗಳು, 36 ಕೋಟಿ ರೂಪಾಯಿ ಎಂಬುದು ಅವರ ಮಾತು. ಆ ಸಂಸ್ಥೆಯ 128 ಪೋರ್ಟಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು ಮೊಟ್ಟಮೊದಲು 1986ರಲ್ಲಿ ಕೆಲಸ ಆರಂಭಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಪರದೇಶದ ಎಕ್ಸ್‌ಚೇಂಜುಗಳಿಗೆ ಏರ್ ಕಂಡೀಷನ್ ಕೋಣೆ ಬೇಕಿತ್ತು. ಇದು ನಮ್ಮ ಬಿಸಿಲು, ಧೂಳಿನಲ್ಲೇ ನಡೆಯುವಂತೆ ಮಾಡಿದ್ದು.

128 ಪೋರ್ಟ್ ಅಂದ್ರೆ 128 ಮನೆಗೆ ಫೋನು ಅಂತ ತಿಳಿಯಬಾರದು. ಅದರಲ್ಲಿ ಟ್ರಂಕಿಗೂ ಪಾಲು ಬೇಕು. ಟ್ರಂಕ್ ಇಲ್ಲದಿದ್ದರೆ ಊರವರು ಊರವರ ಜೊತೆಗಷ್ಟೇ ಮಾತಾಡಬೇಕು. ಅದಕ್ಕೆ ಕಟ್ಟೆ ಸಾಕು, ಎಕ್ಸ್‌ಚೇಂಜು ಯಾಕೆ? ಕಷ್ಟದ ಕೆಲಸವೂ ಅಲ್ಲೇ. ಪೆಟ್ಟಿಗೆ ಹೊಸದು, ಎಲೆಕ್ಟ್ರಾನಿಕ್. ಅದು ಮಾತಾಡಬೇಕಾದದ್ದು ದೇಶದ ತುಂಬ ಇದ್ದ ಹಳೆಯ ಸ್ಟ್ರೋಜರ್, ಕ್ರಾಸ್‌ಬಾರ್ ಯಂತ್ರಗಳ ಜೊತೆ. ಆದ್ದರಿಂದ ಪ್ರತಿ ಟ್ರಂಕಿಗೂ ಆ ಕಡೆಯವರ ಸಂಜ್ಞೆ ಯಾವುದೆಂದು ನೋಡಿ, ಈ ಕಡೆ ಅದನ್ನೇ ಹೊಂದಿಸಬೇಕು. ತಂತಿ ಗಟ್ಟಿಯಿದ್ದರೂ ಸಂಜ್ಞೆ ತಪ್ಪಿದರೆ ಕರೆ ಹೋಗದು.

ಇದೇ ಕೆಲಸ ಚಿಕ್ಕ ಪ್ರಮಾಣದಲ್ಲಿ ಬ್ಯಾಂಕು, ಸಕ್ಕರೆ ಕಾರ್ಖಾನೆ, ದೊಡ್ಡ ಸೊಸೈಟಿಗಳ ಆಫೀಸಿಗೂ ಬಂತು. ಹೊರಗಿನಿಂದ ಎರಡು ಲೈನು, ಒಳಗೆ ಎಂಟು ಮೇಜು, ನಡುವೆ ಇ.ಪಿ.ಎ.ಬಿ.ಎಕ್ಸ್. ಪೆಟ್ಟಿಗೆ. ಕೂಡಿಸುವವರು ಮೊದಲು ನೋಡಬೇಕಾದದ್ದು, ಎಕ್ಸ್‌ಚೇಂಜು ಪಲ್ಸ್ ಕೇಳುತ್ತದೋ ಟೋನ್ ಕೇಳುತ್ತದೋ ಎಂಬುದು. ಹಳೆಯ ಎಕ್ಸ್‌ಚೇಂಜಿಗೆ ಟೋನ್ ಕಳಿಸಿದರೆ ಗುಂಡಿ ಒತ್ತಿ ಒತ್ತಿ ಬೆರಳು ನೋಯುವುದಷ್ಟೇ ಲಾಭ. ಎರಡನೆಯದು, ಆ ಕಡೆಯವರು ಫೋನ್ ಇಟ್ಟದ್ದನ್ನು ಪೆಟ್ಟಿಗೆ ಗುರುತಿಸಬೇಕು. ಗುರುತಿಸದಿದ್ದರೆ ಲೈನು ಹಿಡಿದೇ ಇರುತ್ತದೆ. ಹೊರಗಿನವರಿಗೆ ಆಫೀಸು ದಿನವಿಡೀ ‘ಎಂಗೇಜ್’. ಗೊಬ್ಬರದ ಲಾರಿ ಬಂತೇನು ಎಂದು ಕೇಳಬೇಕಾದವನು ಸೈಕಲ್ ಹತ್ತಬೇಕು.

ಮೂರನೆಯದು ದುಡ್ಡಿನ ವಿಷಯ. ಆ ಕಡೆಯವರು ಎತ್ತಿದ ಕ್ಷಣ ಎಕ್ಸ್‌ಚೇಂಜು ಎರಡು ತಂತಿಗಳ ಪ್ಲಸ್, ಮೈನಸ್ಸನ್ನು ಅದಲುಬದಲು ಮಾಡುವ ಪದ್ಧತಿಯಿತ್ತು, ಇದೇ ರಿವರ್ಸಲ್. ಎಸ್.ಟಿ.ಡಿ. ಬೂತಿನ ಮೀಟರು ಈ ಸಂಜ್ಞೆ ನೋಡಿ ಎಣಿಕೆ ಶುರು ಮಾಡಬಹುದಿತ್ತು. ಲೈನಿಗೆ ರಿವರ್ಸಲ್ ಇಲ್ಲದಿದ್ದರೆ ಡಯಲ್ ಮಾಡಿದ ಇಷ್ಟು ಸೆಕೆಂಡಿಗೆ ಎಣಿಸು ಎಂದು ಅಂದಾಜಿನಲ್ಲಿ ಇಡುವುದೇ ದಾರಿ. ಆಗ ಜಗಳ: ‘ಅವರು ಎತ್ತೇ ಇಲ್ಲ, ರೊಕ್ಕ ಯಾಕ ಕೊಡ್ಲಿ?’ ಎಂದು ಗಿರಾಕಿ; ‘ಮೀಟರ್ ಓಡೇತಲ್ರೀ’ ಎಂದು ಬೂತಿನವನು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅಂದಾಜು ಕಮ್ಮಿಯಾದರೆ ಗಿರಾಕಿಯ ಕಿಸೆಗೆ, ಹೆಚ್ಚಾದರೆ ಬೂತಿನವನ ಕಿಸೆಗೆ ಕತ್ತರಿ.

ಮುಂದೆ ಸಂಜ್ಞೆಗೇ ಬೇರೆ ದಾರಿ ಮಾಡಿದರು. ಮಾತು ಒಂದು ಚಾನೆಲ್ಲಿನಲ್ಲಿ, ‘ಎತ್ತಿದರು’, ‘ಇಟ್ಟರು’ ಎಂಬ ಸಂದೇಶ ಇನ್ನೊಂದರಲ್ಲಿ. 2000ದ ಅಕ್ಟೋಬರ್ 1ರಂದು ಬಿ.ಎಸ್.ಎನ್.ಎಲ್. ಆರಂಭವಾಯಿತು, ಹಿಂದೆಯೇ ಮೊಬೈಲು ಊರೂರಿಗೆ ಬಂತು, ಎಸ್.ಟಿ.ಡಿ. ಬೂತಿನ ಹಳದಿ ಬೋರ್ಡುಗಳು ಇಳಿದವು. ಈಗ ಹೊಲದ ಬದುವಿನಲ್ಲಿ ನಿಂತೇ ಸಾಂಗಲಿಯ ಧಾರಣೆ ಕೇಳುತ್ತೇವೆ. ಆ ಕಡೆಯವರು ಎತ್ತಿದ ಕೂಡಲೇ ಪರದೆಯ ಮೇಲೆ ಸೆಕೆಂಡು ಎಣಿಸಲು ಶುರುವಾಗುತ್ತದಲ್ಲ, ಅದೂ ಅದೇ ಸಂಜ್ಞೆಯ ಕೆಲಸ.