ಪೊಲೀಸ್ ವಂದನೆ ಪಡೆದ ಬಂಡಾಯದ ಹಾಡು

2023ರ ಆಗಸ್ಟ್ 7ರಂದು ಹೈದರಾಬಾದಿನ ಅಲ್ವಾಲದಲ್ಲಿ ಗದ್ದರ್ ಅವರ ಅಂತ್ಯಕ್ರಿಯೆ ಸರ್ಕಾರಿ ಗೌರವದೊಂದಿಗೆ ನಡೆಯಿತು. ಒಂದು ಕಾಲಕ್ಕೆ ಇದೇ ಹಾಡುಗಾರನನ್ನು ಹುಡುಕಿಕೊಂಡು ಅಲೆದಿದ್ದ ಪೊಲೀಸ್ ಇಲಾಖೆಯೇ ಅಂದು ವಂದನೆ ಸಲ್ಲಿಸಿತು. ಇದನ್ನು ವಿರೋಧಿಸಿದವರೂ ಇದ್ದರು.

ಹುಟ್ಟುಹೆಸರು ಗುಮ್ಮಡಿ ವಿಠಲ್ ರಾವ್, ಊರು ಮೇದಕ್ ಜಿಲ್ಲೆಯ ತೂಪ್ರಾನ್, ದಲಿತ ಕುಟುಂಬ. ಇಂಜಿನಿಯರಿಂಗ್ ಓದು ಅರ್ಧಕ್ಕೆ ನಿಂತಿತು. 1975ರಲ್ಲಿ ಕೆನರಾ ಬ್ಯಾಂಕಿನಲ್ಲಿ ಗುಮಾಸ್ತರಾದರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ಬ್ಯಾಂಕು ಅದು. ಹಗಲು ಲೆಕ್ಕದ ಪುಸ್ತಕ, ಸಂಜೆ ಜನನಾಟ್ಯ ಮಂಡಳಿ. 1984ರಲ್ಲಿ ಆ ನೌಕರಿಯನ್ನೂ ಬಿಟ್ಟರು.

ಹೆಸರಿನ ಕತೆ ಇನ್ನೂ ದೂರದ್ದು. 1913ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದ ಭಾರತೀಯರು ಬ್ರಿಟಿಷರ ವಿರುದ್ಧ ಗದರ್ ಪಕ್ಷ ಕಟ್ಟಿದರು. ಅದರ ಪತ್ರಿಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾಗುತ್ತಿತ್ತು. ಉರ್ದುವಿನಲ್ಲಿ ಗದರ್ ಎಂದರೆ ದಂಗೆ, ಗದ್ದಾರ್ ಎಂದರೆ ದ್ರೋಹಿ. ಬಳಕೆಯಲ್ಲಿ ಉಳಿದ ‘ಗದ್ದರ್’ ಎರಡರ ನಡುವೆ ನಿಂತ ರೂಪ. ಅಭಿಮಾನಿಗಳು ಮೊದಲ ಅರ್ಥ ಕೇಳಿಸಿಕೊಂಡರು, ಆಳುವವರು ಎರಡನೆಯದನ್ನು.

ಬರಿ ಮೈ, ಸೊಂಟಕ್ಕೆ ಪಂಚೆ, ಹೆಗಲಿಗೆ ಕುರುಬರ ಕರಿ ಕಂಬಳಿ, ಕಾಲಿಗೆ ಗೆಜ್ಜೆ. ಜೊತೆಗೆ ತೆಲುಗರು ಡಪ್ಪು ಎನ್ನುವ, ನಮ್ಮಲ್ಲಿ ಹಲಗೆ ಎನ್ನುವ ವಾದ್ಯ. ಬುರ್ರಕಥೆಯ ಕಟ್ಟಿನಲ್ಲಿ ಮುಂದಿನವನು ಸಾಲು ಎತ್ತಿದರೆ ಪಕ್ಕದವರು ಅದರ ಕೊನೆಯನ್ನು ಹಿಡಿದು ಮರಳಿಸುತ್ತಾರೆ. ಮಟ್ಟುಗಳು ಹಳ್ಳಿಯವೇ ಆದ್ದರಿಂದ ಓದು ಬಾರದವರಿಗೂ ಒಂದೇ ಸಲಕ್ಕೆ ಹಾಡು ಬಾಯಿಗೆ ಬರುತ್ತಿತ್ತು. ಕನ್ನಡದಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದು ಸಭೆಗಳಲ್ಲಿ ಹಬ್ಬಿದ್ದೂ ಇದೇ ಹೊತ್ತಿಗೆ.

ಗೌತಮ್ ಘೋಷ್ ನಿರ್ದೇಶನದ ‘ಮಾ ಭೂಮಿ’ ಚಿತ್ರದಲ್ಲಿ ಗದ್ದರ್ ಹಾಡಿದರು. ತೆಲಂಗಾಣ ರೈತ ಹೋರಾಟದ ಕಾಲದ ಆ ಹಾಡನ್ನು ಕಟ್ಟಿದವರು ಯಾದಗಿರಿ. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಗದ್ದರ್ ದನಿ. 1985ರಲ್ಲಿ ಕಾರಂಚೇಡಿನಲ್ಲಿ ದಲಿತರ ಹತ್ಯೆಯಾದಾಗ ಊರೂರು ತಿರುಗಿ ಹಾಡಿದರು. ಅದೇ ವರ್ಷ ಭೂಗತರಾದರು. 1990ರಲ್ಲಿ ಹೊರಬಂದಾಗ ನಿಜಾಂ ಕಾಲೇಜು ಮೈದಾನ ಜನರಿಂದ ತುಂಬಿಹೋಯಿತು. 1997ರ ಏಪ್ರಿಲ್ 6ರಂದು ಮನೆಯಲ್ಲೇ ಅವರ ಮೇಲೆ ಗುಂಡಿನ ದಾಳಿಯಾಯಿತು. ಹೊರತೆಗೆಯಲಾಗದ ಒಂದು ಗುಂಡು ಬೆನ್ನುಮೂಳೆಯ ಬಳಿ ಕೊನೆತನಕ ಉಳಿಯಿತು. ಅದನ್ನು ಹೊತ್ತುಕೊಂಡೇ ಕುಣಿದರು, ಹಾಡಿದರು, ಪ್ರತ್ಯೇಕ ತೆಲಂಗಾಣ ಚಳವಳಿಗೆ ದನಿಯಾದರು.

ಮುಂದೆ ಬಂದೂಕಿನ ದಾರಿಯಿಂದ ಸರಿದರು. ಚುನಾವಣೆ ಬಹಿಷ್ಕರಿಸಿ ಎಂದು ಹಾಡಿದ್ದವರು 2018ರಲ್ಲಿ ಮೊದಲ ಬಾರಿ ಮತ ಹಾಕಿದರು. ಹಳೆಯ ಸಂಗಾತಿಗಳಲ್ಲಿ ಕೆಲವರಿಗೆ ಅದು ಸೋಲು. ಇನ್ನು ಕೆಲವರಿಗೆ ಅಂಬೇಡ್ಕರರ ಸಂವಿಧಾನದ ಕಡೆಗಿನ ನಡೆ.

‘ಒರೇಯ್ ರಿಕ್ಷಾ’ ಚಿತ್ರದ ಹಾಡಿಗೆ ಬಂದ ಸರ್ಕಾರದ ನಂದಿ ಪ್ರಶಸ್ತಿಯನ್ನು ಗದ್ದರ್ ನಿರಾಕರಿಸಿದ್ದರು. 2024ರಲ್ಲಿ ತೆಲಂಗಾಣ ಸರ್ಕಾರ ಆ ಪ್ರಶಸ್ತಿಯ ಜಾಗಕ್ಕೆ ಗದ್ದರ್ ಹೆಸರಿನ ಪ್ರಶಸ್ತಿ ತರುವುದಾಗಿ ಘೋಷಿಸಿತು. ಬೇಡವೆನ್ನಲು ಈ ಸಲ ಅವರಿರಲಿಲ್ಲ.